ಜಾನ್ ವಾನ್ ನ್ಯೂಮನ್: ಕೆಡುವ ಅಂಗಗಳಿಂದ ಕೆಡದ ಯಂತ್ರ

ಲೋಕದಲ್ಲಿ ಕೆಡದ ವಸ್ತು ಯಾವುದೂ ಇಲ್ಲ. ಕಬ್ಬಿಣಕ್ಕೆ ತುಕ್ಕು, ಮರಕ್ಕೆ ಗೆದ್ದಲು, ಮನುಷ್ಯನಿಗೆ ಮುಪ್ಪು ತಪ್ಪಿದ್ದಲ್ಲ. ನೆಚ್ಚಿದ ಎಮ್ಮೆ ಕೋಣ ಈಯಿತೆಂಬ ಗಾದೆಯನ್ನು ನಮ್ಮ ಹಿರಿಯರು ಸುಮ್ಮನೆ ಕಟ್ಟಲಿಲ್ಲ. ಆದರೂ ಕೆಡುವ ವಸ್ತುಗಳಿಂದಲೇ ಕೂಡಿದ ಈ ಜಗತ್ತಿನಲ್ಲಿ ಕೆಲವು ಕಾರ್ಯಗಳು ಕೆಡದೆ ನಡೆದುಬರುತ್ತಿವೆ. ತೇರನ್ನೆಳೆಯುವ ನೂರು ಮಂದಿಯಲ್ಲಿ ಐದಾರು ಮಂದಿ ದಣಿದು ಹಗ್ಗ ಬಿಟ್ಟರೂ ತೇರು ನಿಲ್ಲುವುದಿಲ್ಲ. ಪಂಚಾಯಿತಿಯ ಐವರಲ್ಲಿ ಒಬ್ಬನು ಪಕ್ಷಪಾತಿಯಾದರೂ ನ್ಯಾಯವು ಉಳಿಯುವುದುಂಟು. ಹಾಗಾದರೆ ಕೆಡುವ ಭಾಗಗಳಿಂದ ಕೆಡದ ಯಂತ್ರವನ್ನು ಮಾಡಲು ಸಾಧ್ಯವೆ? ಸಾಧ್ಯವಾದರೆ ಅದಕ್ಕೆ ತೆರಬೇಕಾದ ಬೆಲೆಯೇನು? ಈ ಪ್ರಶ್ನೆಯನ್ನು ಗಣಿತದ ನೆಲೆಯ ಮೇಲೆ ನಿಲ್ಲಿಸಿ ಉತ್ತರಿಸಿದವರಲ್ಲಿ ಅಗ್ರಗಣ್ಯನಾದವನು ಜಾನ್ ವಾನ್ ನ್ಯೂಮನ್. ಆತನ ಜೀವನವನ್ನು ನಾಲ್ಕು ಮಾತುಗಳಲ್ಲಿ ಸಹಪಾಠಿಗಳ ಮತ್ತು ಗುರುಗಳ ಮುಂದಿಡುವುದೇ ನನ್ನ ಈ ಲೇಖನದ ಉದ್ದೇಶ.

ಕಲಾ ವಿಭಾಗದ ವಿದ್ಯಾರ್ಥಿಗೆ ಗಣಿತಜ್ಞನ ಗೊಡವೆ ಏಕೆಂದು ಕೆಲವರು ಕೇಳಬಹುದು. ಇಂದು ನಮ್ಮ ಪ್ರವೇಶದ ಅರ್ಜಿ, ಶುಲ್ಕ, ವಿದ್ಯಾರ್ಥಿವೇತನ, ಪರೀಕ್ಷೆಯ ಫಲಿತಾಂಶ ಎಲ್ಲವೂ ಎಲ್ಲಿಯೋ ದೂರದಲ್ಲಿರುವ ಸರ್ವರ್‌ಗಳ ಕೃಪೆಯಲ್ಲಿವೆ. ಸರ್ವರ್ ಎಂದರೆ ಹಲವರು ಕೇಳಿದ್ದನ್ನು ಕೇಳಿದಾಗಲೆಲ್ಲ ಒದಗಿಸಿಕೊಡುವ ಗಣಕಯಂತ್ರ. ಛತ್ರದ ಅಡಿಗೆಯವನಂತೆ ಅದಕ್ಕೆ ಹೊತ್ತು ಗೊತ್ತಿಲ್ಲ. ಶುಲ್ಕ ಕಟ್ಟುವ ಕೊನೆಯ ದಿನ ಅದು ಕೈಕೊಟ್ಟರೆ ಕಿಟಕಿಯ ಮುಂದೆ ನಿಂತವನ ಎದೆ ಹೇಗೆ ಬಡಿದುಕೊಳ್ಳುವುದೆಂಬುದನ್ನು ನಾನು ಇಲ್ಲಿ ವರ್ಣಿಸಬೇಕಾಗಿಲ್ಲ. ನಮ್ಮಲ್ಲಿ ಬಹುಮಂದಿ ಅದನ್ನು ಅನುಭವಿಸಿದವರೇ. ಒಂದು ಸಂಸ್ಥೆಯ ಸರ್ವರ್ ನಿಂತರೆ ಆ ಸಂಸ್ಥೆಯೇ ನಿಂತಂತೆ. ಆದುದರಿಂದ ನಿಲ್ಲದ ಯಂತ್ರದ ವಿಚಾರವು ಎಂಜಿನಿಯರುಗಳಿಗೆ ಮಾತ್ರ ಸೇರಿದ್ದಲ್ಲ. ಅದು ನಮ್ಮೆಲ್ಲರಿಗೂ ಸೇರಿದ್ದು.

ವಾನ್ ನ್ಯೂಮನ್ ಹುಟ್ಟಿದ್ದು ೧೯೦೩ನೆಯ ಡಿಸೆಂಬರ್ ೨೮ರಂದು, ಹಂಗೆರಿಯ ಬುಡಾಪೆಸ್ಟ್ ನಗರದಲ್ಲಿ. ಮನೆತನ ಯೆಹೂದ್ಯರದು. ತಂದೆ ಮಿಕ್ಷಾ ಬ್ಯಾಂಕಿನ ಅಧಿಕಾರಿ, ತಾಯಿ ಮಾರ್ಗಿಟ್. ಮೂವರು ಗಂಡುಮಕ್ಕಳಲ್ಲಿ ಈತನೇ ಹಿರಿಯ. ಯಾನೋಷ್ ಎಂಬುದು ಹುಟ್ಟುಹೆಸರು. ಜರ್ಮನಿಯಲ್ಲಿ ಯೋಹಾನ್ ಎನಿಸಿಕೊಂಡು, ಅಮೆರಿಕಕ್ಕೆ ಹೋದ ಮೇಲೆ ಜಾನ್ ಆದನು. ೧೯೧೩ರಲ್ಲಿ ತಂದೆಗೆ ಚಕ್ರವರ್ತಿಯಿಂದ ಕುಲೀನ ಪದವಿ ದೊರೆಯಿತಾಗಿ ಹೆಸರಿನೊಡನೆ ವಾನ್ ಎಂಬುದು ಸೇರಿತು. ತಂದೆಯ ಪುಸ್ತಕಭಂಡಾರದಲ್ಲಿದ್ದ ಬಹುಸಂಪುಟಗಳ ಜಗತ್ತಿನ ಇತಿಹಾಸವನ್ನು ಈ ಬಾಲಕನು ಓದಿ ಅರಗಿಸಿಕೊಂಡಿದ್ದನು. ಮುಂದೆ ಪ್ರೌಢನಾದ ಮೇಲೂ ಬಿಜಾಂಟಿಯಮ್ ಸಾಮ್ರಾಜ್ಯದ ಇತಿಹಾಸವನ್ನು ಅದರ ಪ್ರಾಧ್ಯಾಪಕರು ಬೆರಗಾಗುವಂತೆ ಮಾತನಾಡುತ್ತಿದ್ದನೆಂದು ಪ್ರತೀತಿ. ಇತಿಹಾಸದ ವಿದ್ಯಾರ್ಥಿಯಾದ ನನಗೆ ಈತನು ಹತ್ತಿರದವನೆನಿಸಿದ್ದು ಮೊದಲು ಈ ಕಾರಣಕ್ಕೇ.

ಬುಡಾಪೆಸ್ಟಿನ ಲೂಥರನ್ ಪ್ರೌಢಶಾಲೆಯಲ್ಲಿ ಆತನ ವಿದ್ಯಾಭ್ಯಾಸವಾಯಿತು. ಅಲ್ಲಿ ಲಾಸ್ಲೋ ರಾಟ್ಸ್ ಎಂಬ ಗಣಿತದ ಉಪಾಧ್ಯಾಯರಿದ್ದರು. ಹುಡುಗನ ಬುದ್ಧಿ ಶಾಲೆಯ ಪಾಠಕ್ಕೆ ಮೀರಿದ್ದೆಂದು ಅವರು ಕೂಡಲೇ ಕಂಡುಕೊಂಡು, ವಿಶ್ವವಿದ್ಯಾನಿಲಯದ ಗಣಿತಜ್ಞರಿಂದ ಅವನಿಗೆ ಪ್ರತ್ಯೇಕ ಪಾಠವಾಗುವಂತೆ ಏರ್ಪಡಿಸಿದರು. ಮುಂದೆ ಭೌತಶಾಸ್ತ್ರದಲ್ಲಿ ನೊಬೆಲ್ ಪಾರಿತೋಷಕ ಪಡೆದ ಯೂಜೀನ್ ವಿಗ್ನರ್ ಅದೇ ಶಾಲೆಯಲ್ಲಿ ಈತನಿಗಿಂತ ಒಂದು ವರ್ಷ ಮುಂದಿದ್ದನು. ಒಬ್ಬ ಒಳ್ಳೆಯ ಉಪಾಧ್ಯಾಯನು ಒಂದು ಶಾಲೆಯಲ್ಲಿದ್ದರೆ ಎಂತಹ ಫಲವಾಗಬಲ್ಲದೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

೧೯೧೯ರಲ್ಲಿ ಹಂಗೆರಿಯಲ್ಲಿ ಬೇಲಾ ಕುನ್ ಎಂಬಾತನ ನಾಯಕತ್ವದಲ್ಲಿ ಕಮ್ಯೂನಿಸ್ಟ್ ಆಡಳಿತ ಬಂದು ೧೩೩ ದಿನ ನಡೆಯಿತು. ಬ್ಯಾಂಕಿನವರಾದ ನ್ಯೂಮನ್ ಮನೆತನದವರು ಕೆಲಕಾಲ ದೇಶ ಬಿಟ್ಟು ಹೋಗಬೇಕಾಯಿತು. ಆ ಆಡಳಿತ ಬಿದ್ದ ಮೇಲೆ ಬಂದವರು ಯೆಹೂದ್ಯರ ವಿರುದ್ಧ ತಿರುಗಿ, ೧೯೨೦ರಲ್ಲಿ ವಿಶ್ವವಿದ್ಯಾನಿಲಯಗಳಲ್ಲಿ ಅವರ ಸಂಖ್ಯೆಗೆ ಮಿತಿ ಹಾಕಿದರು. ನಿಶ್ಚಿಂತವಾಗಿ ನಿಂತಂತೆ ಕಂಡ ಸಾಮ್ರಾಜ್ಯವೊಂದು ಒಂದೆರಡು ವರ್ಷಗಳಲ್ಲಿ ಕುಸಿದುದನ್ನು ಹದಿನೈದು ಹದಿನಾರು ವರ್ಷದ ಆ ಹುಡುಗನು ಕಣ್ಣಾರೆ ಕಂಡನು. ಯಾವ ವ್ಯವಸ್ಥೆಯೂ ತಾನಾಗಿಯೇ ಸ್ಥಿರವಲ್ಲವೆಂಬ ಅರಿವು ಆತನಿಗೆ ಆಗಲೇ ಮೂಡಿರಬೇಕೆಂದು ನನ್ನ ಊಹೆ.

ಗಣಿತವು ಹೊಟ್ಟೆ ತುಂಬಿಸದೆಂಬುದು ತಂದೆಯ ಚಿಂತೆ. ನಮ್ಮ ಮನೆಗಳಲ್ಲಿಯೂ ಇಂತಹ ಮಾತು ಕೇಳದೆ ಇಲ್ಲವಷ್ಟೆ! ತಂದೆ ಮಕ್ಕಳು ಒಂದು ಒಪ್ಪಂದಕ್ಕೆ ಬಂದರು. ಮಗನು ಬರ್ಲಿನ್ನಿನಲ್ಲಿಯೂ ಬಳಿಕ ಜೂರಿಕ್ಕಿನಲ್ಲಿಯೂ ರಸಾಯನಶಾಸ್ತ್ರವನ್ನು ಓದುತ್ತ, ಬುಡಾಪೆಸ್ಟಿನಲ್ಲಿ ಗಣಿತಕ್ಕೂ ಹೆಸರು ನೋಂದಾಯಿಸಿಕೊಂಡು, ಪರೀಕ್ಷೆಯ ಕಾಲಕ್ಕೆ ಮಾತ್ರ ಅಲ್ಲಿಗೆ ಹೋಗಿಬರುತ್ತಿದ್ದನು. ೧೯೨೬ರಲ್ಲಿ ಜೂರಿಕ್ಕಿನ ರಾಸಾಯನಿಕ ಎಂಜಿನಿಯರಿಂಗ್ ಪದವಿಯೂ ಬುಡಾಪೆಸ್ಟಿನ ಗಣಿತದ ಡಾಕ್ಟರೇಟೂ ಕೈಸೇರಿದುವು. ಅಲ್ಲಿಂದ ಗಾಟಿಂಗನ್ನಿನಲ್ಲಿ ಹಿಲ್ಬರ್ಟನ ಬಳಿ ಕೆಲಸ, ಬರ್ಲಿನ್ನಿನಲ್ಲಿ ಉಪನ್ಯಾಸ. ೧೯೩೦ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ನಿಗೆ ಪ್ರಯಾಣ. ೧೯೩೩ರಲ್ಲಿ ಅಲ್ಲಿನ ಉನ್ನತ ಅಧ್ಯಯನ ಸಂಸ್ಥೆಯ ಮೊದಲ ಪ್ರಾಧ್ಯಾಪಕರಲ್ಲೊಬ್ಬನಾಗಿ ಐನ್‌ಸ್ಟೈನನ ಸಹೋದ್ಯೋಗಿಯಾದನು. ೧೯೩೨ರಲ್ಲಿ ಕ್ವಾಂಟಮ್ ಶಾಸ್ತ್ರದ ಗಣಿತಾಧಾರವನ್ನು ಕುರಿತ ಗ್ರಂಥವನ್ನು ಪ್ರಕಟಿಸಿದನು. ೧೯೪೪ರಲ್ಲಿ ಆಸ್ಕರ್ ಮಾರ್ಗನ್‌ಸ್ಟರ್ನ್‌ನೊಡನೆ ಬರೆದ ಆಟಗಳ ಸಿದ್ಧಾಂತದ ಗ್ರಂಥವು ಹೊರಬಂದಿತು. ಅರ್ಥಶಾಸ್ತ್ರದ ತರಗತಿಯ ಮಿತ್ರರಿಗೆ ಅದರ ಹೆಸರು ಪರಿಚಿತವೇ.

ಸ್ವಭಾವದಲ್ಲಿ ಈತನು ಏಕಾಂತದ ಋಷಿಯಲ್ಲ. ಔತಣ, ಹರಟೆ, ನಗೆಚಾಟಿಕೆ ಎಂದರೆ ಪ್ರಾಣ. ಗದ್ದಲದ ನಡುವೆಯೇ ಆತನ ಬುದ್ಧಿ ಚೆನ್ನಾಗಿ ಓಡುತ್ತಿತ್ತು. ಕಾರು ಓಡಿಸುವುದರಲ್ಲಿ ಮಾತ್ರ ಮಹಾ ಅಪಾಯಕಾರಿ; ಅಪಘಾತಗಳಿಗೆ ಲೆಕ್ಕವಿಲ್ಲ. ೧೯೩೦ರಲ್ಲಿ ಮಾರಿಯೆಟ್ಟೆಯನ್ನು ಮದುವೆಯಾದನು. ೧೯೩೫ರಲ್ಲಿ ಮರೀನಾ ಎಂಬ ಮಗಳು ಹುಟ್ಟಿದಳು. ಆ ಸಂಬಂಧ ೧೯೩೭ರಲ್ಲಿ ಮುರಿದು, ೧೯೩೮ರಲ್ಲಿ ಕ್ಲಾರಾ ಡಾನ್ ಎಂಬಾಕೆಯನ್ನು ವರಿಸಿದನು. ಈ ಕ್ಲಾರಾ ಮುಂದೆ ಗಣಕಕ್ಕೆ ಆದೇಶಗಳನ್ನು ಬರೆದ ಮೊದಲಿಗರ ಸಾಲಿನಲ್ಲಿ ನಿಲ್ಲುವವಳು.

ಯುದ್ಧ ಬಂದಿತು. ೧೯೪೩ರಿಂದ ಆತನು ಲಾಸ್ ಅಲಮೋಸಿನ ಅಣುಬಾಂಬಿನ ಕಾರ್ಯದಲ್ಲಿ ತೊಡಗಿದನು. ಪ್ಲುಟೋನಿಯಮನ್ನು ಎಲ್ಲ ಕಡೆಗಳಿಂದಲೂ ಏಕಕಾಲದಲ್ಲಿ ಒಳಕ್ಕೆ ಅದುಮುವ ಸ್ಫೋಟದ ಲೆಕ್ಕಾಚಾರದಲ್ಲಿ ಆತನ ಪಾಲು ದೊಡ್ಡದು. ನಾಗಸಾಕಿಯ ಮೇಲೆ ಬಿದ್ದುದು ಆ ಬಗೆಯ ಬಾಂಬೇ. ಬಾಂಬು ಎಲ್ಲಿ ಬೀಳಬೇಕೆಂದು ಆಲೋಚಿಸಿದ ೧೯೪೫ರ ಸಮಿತಿಯಲ್ಲಿಯೂ ಆತನಿದ್ದನು. ಮಹಾಪುರುಷರ ಚರಿತ್ರೆ ಬರೆಯುವವರು ಇಂತಹ ಪುಟಗಳನ್ನು ಮಡಚಿಡುವುದುಂಟು. ನಾನು ಹಾಗೆ ಮಾಡಲಾರೆ. ಬುದ್ಧಿಯ ಹಿರಿಮೆಯೇ ಬೇರೆ, ಅದನ್ನು ತೊಡಗಿಸಿದ ಕಾರ್ಯದ ಹಿರಿಮೆಯೇ ಬೇರೆ. ಎರಡನ್ನೂ ಬೇರೆಬೇರೆಯಾಗಿಯೇ ತೂಗಬೇಕು.

ಆ ಲೆಕ್ಕಗಳಿಗೆ ಮನುಷ್ಯರ ಕೈ ಸಾಲದಾಯಿತು. ೧೯೪೪ರ ಬೇಸಗೆಯಲ್ಲಿ ಅಬರ್ಡೀನ್ ರೈಲ್ವೆ ನಿಲ್ದಾಣದಲ್ಲಿ ಹರ್ಮನ್ ಗೋಲ್ಡ್‌ಸ್ಟೈನ್ ಎಂಬ ಸೇನಾಧಿಕಾರಿಯ ಭೇಟಿಯಾಯಿತು. ಮಾತಿನ ನಡುವೆ, ಫಿಲಡೆಲ್ಫಿಯದಲ್ಲಿ ಕಟ್ಟುತ್ತಿದ್ದ ವಿದ್ಯುನ್ಮಾನ ಗಣಕವೊಂದರ ಸುದ್ದಿ ಆತನ ಕಿವಿಗೆ ಬಿತ್ತು. ಎಕರ್ಟ್ ಮತ್ತು ಮಾಚ್ಲಿ ಎಂಬ ಇಬ್ಬರು ಕಟ್ಟುತ್ತಿದ್ದ ಆ ಯಂತ್ರವೇ ೧೯೪೬ರ ಫೆಬ್ರವರಿಯಲ್ಲಿ ಲೋಕಕ್ಕೆ ತೋರಿಸಲ್ಪಟ್ಟ ಎನಿಯಾಕ್. ಅದರೊಳಗೆ ೧೭,೪೬೮ ನಿರ್ವಾತ ನಳಿಕೆಗಳಿದ್ದವು. ಹಳೆಯ ಕಾಲದ ರೇಡಿಯೋಗಳಲ್ಲಿ ಕೆಂಪಗೆ ಉರಿಯುತ್ತಿದ್ದ ಗಾಜಿನ ವಾಲ್ವುಗಳೇ ಇವು. ಇಲ್ಲಿಯೇ ನಮ್ಮ ವಿಷಯದ ತಿರುಳಿರುವುದು. ಒಂದೊಂದು ನಳಿಕೆಯೂ ಸರಾಸರಿಯಲ್ಲಿ ೧,೦೦,೦೦೦ ಗಂಟೆ, ಎಂದರೆ ಹನ್ನೊಂದು ವರ್ಷಕ್ಕೂ ಹೆಚ್ಚು, ಬಾಳುವುದೆಂದೇ ಇಟ್ಟುಕೊಳ್ಳೋಣ. ಆಗಲೂ ಅಷ್ಟು ನಳಿಕೆಗಳಲ್ಲಿ ಯಾವುದಾದರೊಂದು ಸರಿಸುಮಾರು ಆರು ಗಂಟೆಗೊಮ್ಮೆ ಸಾಯುತ್ತದೆ. ಒಂದು ಸತ್ತರೆ ಲೆಕ್ಕವೇ ಕೆಡುವುದಾದರೆ ಯಂತ್ರದ ಆಯುಷ್ಯ ಆರೇ ಗಂಟೆ! ಎಕರ್ಟನು ಜಾಣ. ನಳಿಕೆಗಳನ್ನು ಅವುಗಳ ಶಕ್ತಿಗಿಂತ ಬಹಳ ಕಡಮೆಯ ಮಟ್ಟದಲ್ಲಿ ದುಡಿಸಿದನು. ಹೊತ್ತಿಸುವಾಗ ಆರಿಸುವಾಗಲೇ ಅವು ಹೆಚ್ಚಾಗಿ ಒಡೆಯುವುದನ್ನು ಕಂಡು ಯಂತ್ರವನ್ನು ಆರಿಸುವುದನ್ನೇ ಬಿಟ್ಟರು. ಹೀಗೆ ಎಷ್ಟು ಜೋಪಾನ ಮಾಡಿದರೂ ಎನಿಯಾಕ್ ಕೆಡದೆ ಒಂದೇ ಸಮನೆ ನಡೆದ ಅತಿ ದೀರ್ಘ ಅವಧಿ ೧೧೬ ಗಂಟೆ, ಅದೂ ೧೯೫೪ರಲ್ಲಿ.

೧೯೪೫ರ ಜೂನ್ ೩೦ರ ದಿನಾಂಕ ಹೊತ್ತ ಎಡ್ವ್ಯಾಕ್ ವರದಿಯ ಕರಡಿನಲ್ಲಿ ವಾನ್ ನ್ಯೂಮನ್ ಹೊಸ ಗಣಕದ ರೂಪುರೇಖೆಯನ್ನು ಬಿಡಿಸಿದನು. ಲೆಕ್ಕ ಮಾಡುವ ಅಂಗವೊಂದು, ಅದನ್ನು ನಡೆಸುವ ಅಂಗವೊಂದು, ಆದೇಶವನ್ನೂ ಅಂಕಿಗಳನ್ನೂ ಒಟ್ಟಿಗೆ ನೆನಪಿಡುವ ಭಂಡಾರವೊಂದು: ಇಂದಿನ ಗಣಕಗಳ ಹಂದರವು ಬಹುಮಟ್ಟಿಗೆ ಇದೇ. ವರದಿಯ ಮೇಲೆ ಆತನ ಹೆಸರೊಂದೇ ಇದ್ದುದರಿಂದ ಎಕರ್ಟ್ ಮತ್ತು ಮಾಚ್ಲಿ ಬಹಳ ನೊಂದುಕೊಂಡರು. ಅವರ ಅಸಮಾಧಾನ ನ್ಯಾಯವಾದುದೆಂದೇ ನನಗೆ ತೋರುತ್ತದೆ. ಹಲವರ ಚಿಂತನೆಯ ಫಲಕ್ಕೆ ಒಬ್ಬನ ಹೆಸರು ಅಂಟಿಕೊಂಡಿತು. ಆದರೆ ಆ ವರದಿಯಲ್ಲಿ ಇನ್ನೊಂದು ಸಂಗತಿಯುಂಟು. ಯಂತ್ರವು ತನ್ನ ತಪ್ಪನ್ನು ತಾನೇ ಗುರುತಿಸಬೇಕೆಂಬ ವಿಚಾರವನ್ನು ಆತನು ಮೊದಲ ಪುಟಗಳಲ್ಲಿಯೇ ಎತ್ತುತ್ತಾನೆ. ಪ್ರತಿಯೊಂದು ಅಂಗವೂ ಒಂದೊಂದೇ ಇರುವ ಯಂತ್ರವನ್ನು ಕಟ್ಟಲು ಹೇಳಿದವನಿಗೆ, ಒಂದೊಂದೇ ಇದ್ದರೆ ಗತಿಯೇನೆಂಬ ಚಿಂತೆಯೂ ಜೊತೆಗೇ ಹುಟ್ಟಿತ್ತು.

ಯುದ್ಧಾನಂತರ ಪ್ರಿನ್ಸ್‌ಟನ್ನಿನ ಸಂಸ್ಥೆಯಲ್ಲಿಯೇ ಆತನು ಗಣಕವೊಂದನ್ನು ಕಟ್ಟಿಸಿದನು. ಜೂಲಿಯನ್ ಬಿಗೆಲೋ ಅದರ ಮುಖ್ಯ ಎಂಜಿನಿಯರು. ಶುದ್ಧ ಚಿಂತನೆಯ ಆ ಆಶ್ರಮದಲ್ಲಿ ತಂತಿ, ಬೆಸುಗೆ, ಸುತ್ತಿಗೆಗಳ ಸದ್ದು ಹಲವು ಪ್ರಾಧ್ಯಾಪಕರಿಗೆ ಹಿಡಿಸಲಿಲ್ಲ. ೧೯೫೨ರ ಜೂನ್ ೧೦ರಂದು ಯಂತ್ರದ ಸಾರ್ವಜನಿಕ ಪ್ರಾರಂಭೋತ್ಸವವಾಯಿತು. ಅದರ ಸ್ಮೃತಿಗೆ ೪೦ ಗಾಜಿನ ನಳಿಕೆಗಳು. ಒಂದೊಂದರ ಮುಖದ ಮೇಲೆ ೧,೦೨೪ ವಿದ್ಯುತ್ ಚುಕ್ಕೆಗಳು. ಒಂದು ಸಂಖ್ಯೆಯನ್ನು ಓದಬೇಕಾದರೆ ನಲವತ್ತು ನಳಿಕೆಗಳೂ ಏಕಕಾಲದಲ್ಲಿ ಸತ್ಯವನ್ನೇ ಹೇಳಬೇಕು. ಒಂದು ಸುಳ್ಳು ಹೇಳಿದರೂ ಸಂಖ್ಯೆ ಸುಳ್ಳು. ತಪ್ಪಿನೊಡನೆ ದಿನವೂ ಹೋರಾಡುತ್ತಿದ್ದ ಇಂತಹ ಯಂತ್ರದ ನೆರಳಿನಲ್ಲಿಯೇ ಆತನ ಆಲೋಚನೆ ಬೆಳೆಯಿತು.

೧೯೪೮ರ ಸೆಪ್ಟೆಂಬರಿನಲ್ಲಿ ಪಾಸಡೀನ ನಗರದಲ್ಲಿ ನಡೆದ ವಿಚಾರಗೋಷ್ಠಿಯಲ್ಲಿ ಆತನು ಯಂತ್ರವನ್ನೂ ಜೀವಿಯನ್ನೂ ಎದುರುಬದುರು ನಿಲ್ಲಿಸಿ ನೋಡಿದನು. ಯಂತ್ರದಲ್ಲಿ ಒಂದು ತಪ್ಪು ಕಂಡೊಡನೆ ಎಂಜಿನಿಯರು ಎಲ್ಲವನ್ನೂ ನಿಲ್ಲಿಸಿ ತಪ್ಪನ್ನು ಹುಡುಕಲು ಹೊರಡುತ್ತಾನೆ. ಎರಡನೆಯ ತಪ್ಪು ಬಂದರೆ ಹುಡುಕುವುದೇ ಕಷ್ಟವೆಂಬ ಭಯ ಅವನಿಗೆ. ಜೀವಿಯ ದಾರಿಯೇ ಬೇರೆ. ನಮ್ಮ ದೇಹದಲ್ಲಿ ಪ್ರತಿಕ್ಷಣವೂ ಎಷ್ಟೋ ಕಣಗಳು ಸಾಯುತ್ತವೆ, ತಪ್ಪುತ್ತವೆ. ದೇಹವು ಅವುಗಳನ್ನು ಬದಿಗೊತ್ತಿ ನಡೆಯುತ್ತದೆ. ಗಾಯವಾದ ಕಾಲನ್ನು ಉಳಿಸಿಕೊಂಡು ಇನ್ನೊಂದರ ಮೇಲೆ ಭಾರ ಹಾಕುತ್ತದೆ. ತಪ್ಪೇ ಆಗಬಾರದೆಂಬುದು ಯಂತ್ರದ ನೀತಿ. ತಪ್ಪಾದರೂ ಬಾಳಬೇಕೆಂಬುದು ಜೀವದ ನೀತಿ. ಯಂತ್ರವು ದೊಡ್ಡದಾಗುತ್ತ ಹೋದಂತೆ ಜೀವದ ನೀತಿಯನ್ನೇ ಕಲಿಯಬೇಕೆಂಬುದು ಆತನ ನಿಲುವು.

೧೯೫೨ರ ಜನವರಿಯಲ್ಲಿ ಕ್ಯಾಲಿಫೋರ್ನಿಯ ತಾಂತ್ರಿಕ ಸಂಸ್ಥೆಯಲ್ಲಿ ಐದು ಉಪನ್ಯಾಸಗಳನ್ನು ಕೊಟ್ಟು, ಈ ನಿಲುವಿಗೆ ಗಣಿತದ ಮೈ ಕೊಟ್ಟನು. ೧೯೫೬ರಲ್ಲಿ ಅವು ಅಚ್ಚಾದುವು. ನನ್ನ ತಿಳಿವಿಗೆ ನಿಲುಕಿದಷ್ಟನ್ನು ಸರಳವಾಗಿ ಹೇಳುತ್ತೇನೆ. ಒಂದು ಯಂತ್ರವು ನೂರಕ್ಕೆ ಒಂದು ಸಲ ತಪ್ಪುವುದೆಂದಿರಲಿ. ಅಂತಹ ಮೂರು ಯಂತ್ರಗಳಿಗೆ ಒಂದೇ ಲೆಕ್ಕ ಕೊಟ್ಟು, ಇಬ್ಬರು ಒಪ್ಪಿದ ಉತ್ತರವನ್ನೇ ಹಿಡಿಯೋಣ. ಮೂವರಲ್ಲಿ ಇಬ್ಬರಾದರೂ ಒಟ್ಟಿಗೆ ತಪ್ಪಿದರೆ ಮಾತ್ರ ನಾವು ಕೆಡುತ್ತೇವೆ. ಒಬ್ಬರ ತಪ್ಪು ಇನ್ನೊಬ್ಬರಿಗೆ ಅಂಟದಿದ್ದಲ್ಲಿ ಇದು ಹತ್ತು ಸಾವಿರಕ್ಕೆ ಮೂರೇ ಸಲ. ಎಷ್ಟು ಸುಲಭ! ಆದರೆ ವಾನ್ ನ್ಯೂಮನ್ ಇಲ್ಲಿ ನಿಲ್ಲಲಿಲ್ಲ. ಮತ ಎಣಿಸುವವನೂ ಒಂದು ಯಂತ್ರವೇ ಅಲ್ಲವೆ? ಅವನೂ ತಪ್ಪಿದರೆ? ಕಾಯುವವನನ್ನು ಕಾಯುವವರಾರು? ಬೆಲ್ ಪ್ರಯೋಗಾಲಯದ ಷಾನನ್ ೧೯೪೮ರಲ್ಲಿಯೂ ಹ್ಯಾಮಿಂಗ್ ೧೯೫೦ರಲ್ಲಿಯೂ, ಸಂದೇಶದಲ್ಲಿ ನುಸುಳಿದ ತಪ್ಪನ್ನು ತಿದ್ದುವ ದಾರಿಯನ್ನು ತೋರಿಸಿದ್ದರು. ಅಲ್ಲಿ ತಿದ್ದುವವನು ತಪ್ಪುವುದಿಲ್ಲವೆಂಬ ನಂಬಿಕೆಯಿತ್ತು. ತಿದ್ದುವವನೂ ತಪ್ಪಬಲ್ಲನೆಂದು ಒಪ್ಪಿಕೊಂಡು ಅಲ್ಲಿಂದ ಹೊರಟುದೇ ವಾನ್ ನ್ಯೂಮನ್‌ನ ಹಿರಿಮೆ.

ಆತನು ಹೇಳಿದ ಉಪಾಯವಿದು. ಒಂದು ಸುದ್ದಿಯನ್ನು ಒಂದು ತಂತಿಯಲ್ಲಿ ಕಳುಹಿಸಬೇಡ, ಸಾವಿರಾರು ತಂತಿಗಳ ಕಟ್ಟಿನಲ್ಲಿ ಕಳುಹಿಸು. ನೂರರಲ್ಲಿ ತೊಂಬತ್ತಮೂರಕ್ಕೂ ಹೆಚ್ಚು ತಂತಿಗಳು ಹೌದೆಂದರೆ ಹೌದು. ಏಳಕ್ಕೂ ಕಡಮೆ ತಂತಿಗಳು ಹೌದೆಂದರೆ ಅಲ್ಲ. ಪ್ರತಿ ಹಂತದಲ್ಲಿಯೂ ಆ ತಂತಿಗಳನ್ನು ಕಲಸಿ, ಬಹುಮತವನ್ನು ಮತ್ತೆ ಬಲಪಡಿಸುವ ಅಂಗಗಳ ಮೂಲಕ ಹಾಯಿಸು. ಆ ಅಂಗಗಳೂ ಅಲ್ಲೊಂದು ಇಲ್ಲೊಂದು ತಪ್ಪುತ್ತವೆ, ತಪ್ಪಲಿ. ಕಟ್ಟು ಒಟ್ಟಾಗಿ ತಪ್ಪುವುದಿಲ್ಲ. ತೇರಿನ ಹಗ್ಗದ ನಾರಿನಂತೆ ಒಂದೊಂದೂ ದುರ್ಬಲ, ಒಟ್ಟು ಪ್ರಬಲ. ಆದರೆ ಬೆಲೆ? ಆತನೇ ಲೆಕ್ಕ ಹಾಕಿದನು. ೨,೫೦೦ ನಳಿಕೆಗಳ ಒಂದು ಗಣಕ; ಸೆಕೆಂಡಿನ ಹತ್ತು ಲಕ್ಷದ ಐದು ಭಾಗಕ್ಕೊಮ್ಮೆ ಒಂದೊಂದು ನಳಿಕೆಗೂ ಕೆಲಸ. ಎಂಟು ಗಂಟೆಯಲ್ಲಿ ಆಗುವ ಕ್ರಿಯೆಗಳು ಸುಮಾರು ಹದಿನಾಲ್ಕು ಲಕ್ಷ ಕೋಟಿ. ಇನ್ನೂರಕ್ಕೆ ಒಂದು ಸಲ ತಪ್ಪುವ ಅಂಗಗಳಿಂದ, ಎಂಟು ಗಂಟೆಗೆ ಒಂದೇ ತಪ್ಪಾಗುವಂತೆ ಇದನ್ನು ನಡೆಸಬೇಕಾದರೆ ಪ್ರತಿಯೊಂದು ತಂತಿಯ ಬದಲಿಗೆ ಸುಮಾರು ೧೪,೦೦೦ ತಂತಿಗಳು ಬೇಕು! ಯಾರೂ ಕಟ್ಟಲಾರದ ಯಂತ್ರ. ಆದರೂ ಅಸಾಧ್ಯವಲ್ಲವೆಂದು ಸಾಧಿಸಿದ್ದೇ ದೊಡ್ಡದು. ಅಂಗದ ದೋಷವು ಒಂದು ಮಿತಿಯೊಳಗಿದ್ದರೆ, ಬೆಲೆ ತೆತ್ತಷ್ಟೂ ನಂಬಿಕೆಯನ್ನು ಕೊಳ್ಳಬಹುದು. ಮಿತಿಯನ್ನು ಮೀರಿದರೆ ಎಷ್ಟು ಅಂಗಗಳನ್ನು ಕೂಡಿಸಿದರೂ ಫಲವಿಲ್ಲ. ಹತ್ತು ಮಂದಿ ಸುಳ್ಳುಗಾರರನ್ನು ಕೂಡಿಸಿದರೆ ಒಬ್ಬ ಸತ್ಯವಂತನಾಗುವುದಿಲ್ಲವಷ್ಟೆ.

ಇನ್ನು ಆತನ ಬಾಳಿನ ಕೊನೆಯ ಭಾಗ. ೧೯೫೫ರಲ್ಲಿ ಆತನು ಅಮೆರಿಕದ ಅಣುಶಕ್ತಿ ಆಯೋಗದ ಸದಸ್ಯನಾಗಿ ವಾಷಿಂಗ್ಟನ್ನಿಗೆ ಹೋದನು. ಅದೇ ವರ್ಷ ಆತನಿಗೆ ಕ್ಯಾನ್ಸರ್ ಇರುವುದು ಪತ್ತೆಯಾಯಿತು. ೧೯೫೬ರಲ್ಲಿ ರಾಷ್ಟ್ರಾಧ್ಯಕ್ಷ ಐಸೆನ್‌ಹೋವರ್ ಸ್ವಾತಂತ್ರ್ಯ ಪದಕವನ್ನು ತೊಡಿಸುವಾಗ ಆತನು ಗಾಲಿಕುರ್ಚಿಯಲ್ಲಿದ್ದನು. ಯೇಲ್ ವಿಶ್ವವಿದ್ಯಾನಿಲಯಕ್ಕಾಗಿ ಗಣಕವನ್ನೂ ಮಿದುಳನ್ನೂ ಹೋಲಿಸುವ ಉಪನ್ಯಾಸಮಾಲೆಯೊಂದನ್ನು ಬರೆಯುತ್ತಿದ್ದನು. ಅದು ಮುಗಿಯಲೇ ಇಲ್ಲ. ಆಸ್ಪತ್ರೆಯಲ್ಲಿ ಮಲಗಿದ್ದ ಆ ದಿನಗಳಲ್ಲಿ ಆತನನ್ನು ಕಾಡಿದುದು ದೇಹದ ನೋವಿಗಿಂತಲೂ ಬುದ್ಧಿ ಮಸುಕಾಗುತ್ತಿದೆಯೆಂಬ ಭೀತಿ. ಚಿಕ್ಕ ಮಕ್ಕಳ ಕೂಡುವ ಲೆಕ್ಕಗಳನ್ನು ಕೇಳಿ ತನ್ನನ್ನು ಪರೀಕ್ಷಿಸುವಂತೆ ಮಗಳನ್ನು ಬೇಡುತ್ತಿದ್ದನು. ಜಗತ್ತಿನ ಅತಿ ವೇಗದ ಲೆಕ್ಕಿಗರಲ್ಲೊಬ್ಬನೆನಿಸಿದ್ದವನು ಆ ಸಣ್ಣ ಮೊತ್ತಗಳಿಗೂ ತಡವರಿಸುವುದನ್ನು ಕಂಡು ಮಗಳು ಕಣ್ಣೀರಿಡುತ್ತ ಹೊರಗೆ ಬರುತ್ತಿದ್ದಳು. ೧೯೫೭ರ ಫೆಬ್ರವರಿ ೮ರಂದು, ತನ್ನ ೫೩ನೆಯ ವಯಸ್ಸಿನಲ್ಲಿ, ಆತನು ತೀರಿಕೊಂಡನು. ಕೆಡುವ ಕಣಗಳಿಂದ ಕೆಡದ ಬುದ್ಧಿಯನ್ನು ಕಟ್ಟಿರುವ ಮಿದುಳಿನ ರಹಸ್ಯವನ್ನು ಹುಡುಕುತ್ತಿದ್ದವನ ಮಿದುಳಿಗೇ ಪ್ರತಿಯಿರಲಿಲ್ಲ. ಅಪೂರ್ಣ ಗ್ರಂಥವು ೧೯೫೮ರಲ್ಲಿ ಅಚ್ಚಾಯಿತು.

ಆತನ ವಿಚಾರವು ಮಾತ್ರ ಸಾಯಲಿಲ್ಲ. ಚಂದ್ರನತ್ತ ಮಾನವರನ್ನು ಒಯ್ದ ಸ್ಯಾಟರ್ನ್ ೫ ರಾಕೆಟ್ಟಿನ ಗಣಕದಲ್ಲಿ ಲೆಕ್ಕದ ಭಾಗಗಳು ಮೂರು ಮೂರಾಗಿದ್ದು, ಬಹುಮತದಿಂದ ತೀರ್ಮಾನವಾಗುತ್ತಿತ್ತು. ೧೯೭೪ರಲ್ಲಿ ಅಮೆರಿಕದಲ್ಲಿ ಸ್ಥಾಪನೆಯಾದ ಟ್ಯಾಂಡಮ್ ಸಂಸ್ಥೆಯು, ಒಂದು ಭಾಗ ಕೆಟ್ಟೊಡನೆ ಜೊತೆಗಾರ ಭಾಗವು ಕೆಲಸವನ್ನು ಕೈಗೆತ್ತಿಕೊಳ್ಳುವ ಗಣಕಗಳನ್ನು ಬ್ಯಾಂಕುಗಳಿಗೆ ಮಾರಿತು. ಇಂದು ಸಂಸ್ಥೆಗಳು ತಮ್ಮ ಸರ್ವರ್‌ಗಳನ್ನು ಜೋಡಿಜೋಡಿಯಾಗಿ ಇಡುವುದೂ, ಒಂದೇ ದಾಖಲೆಯನ್ನು ಹಲವು ತಟ್ಟೆಗಳ ಮೇಲೆ ಬರೆಯುವುದೂ ಇದೇ ತತ್ತ್ವದಿಂದ. ಲಾಭವನ್ನು ಯಾರಾದರೂ ಎಣಿಸಬಹುದು. ವರ್ಷಕ್ಕೆ ೮,೭೬೦ ಗಂಟೆ. ನೂರರಲ್ಲಿ ಒಂದು ಪಾಲು ಕಾಲ ಕೆಟ್ಟಿರುವ ಸರ್ವರ್ ವರ್ಷಕ್ಕೆ ಸುಮಾರು ೮೮ ಗಂಟೆ ನಿಲ್ಲುತ್ತದೆ. ಅಂತಹವೇ ಎರಡಿದ್ದು, ಒಂದರ ಕೇಡಿಗೂ ಇನ್ನೊಂದರ ಕೇಡಿಗೂ ಸಂಬಂಧವಿಲ್ಲದಿದ್ದರೆ, ಎರಡೂ ಒಟ್ಟಿಗೆ ನಿಲ್ಲುವ ಕಾಲ ವರ್ಷಕ್ಕೆ ೫೩ ನಿಮಿಷ ಮಾತ್ರ.

ಸಂಬಂಧವಿಲ್ಲದಿದ್ದರೆ ಎಂಬ ಈ ಒಂದು ಮಾತಿನಲ್ಲಿಯೇ ಎಲ್ಲವೂ ಅಡಗಿದೆ. ಪ್ರಾಗ್ ನಗರದಲ್ಲಿ ಆಂಟೊನಿನ್ ಸ್ವೊಬೊಡ ಎಂಬ ವಿಜ್ಞಾನಿ ಸಾಪೊ ಎಂಬ ಗಣಕವನ್ನು ೧೯೫೭ರಲ್ಲಿ ಪೂರೈಸಿದನು. ಅದರಲ್ಲಿ ಲೆಕ್ಕದ ಅಂಗಗಳು ಮೂರು. ಇಬ್ಬರ ಒಪ್ಪಿಗೆಯೇ ಉತ್ತರ. ತಪ್ಪನ್ನು ತಾಳಿಕೊಳ್ಳುವಂತೆಯೇ ಕಟ್ಟಿದ ಮೊದಲ ಗಣಕವೆಂಬ ಕೀರ್ತಿ ಅದಕ್ಕುಂಟು. ೧೯೬೦ರಲ್ಲಿ ಅದಕ್ಕೆ ಬೆಂಕಿ ಬಿದ್ದು ಯಂತ್ರವೆಲ್ಲ ಸುಟ್ಟುಹೋಯಿತು. ಬೆಂಕಿಯು ಮತ ಕೇಳುವುದಿಲ್ಲ. ಪಂಚಾಯಿತಿಯ ಐವರೂ ಒಬ್ಬನೇ ಸಾಹುಕಾರನ ಋಣದಲ್ಲಿದ್ದರೆ ಅವರು ಐವರಲ್ಲ, ಒಬ್ಬನೇ. ಎರಡು ಸರ್ವರ್‌ಗಳನ್ನು ಒಂದೇ ಕೋಣೆಯಲ್ಲಿ, ಒಂದೇ ವಿದ್ಯುತ್ ತಂತಿಗೆ ಕಟ್ಟಿ ಇಟ್ಟವನು ಎರಡರ ಹಣವನ್ನು ಕೊಟ್ಟು ಒಂದನ್ನು ಕೊಂಡಂತೆ. ಅದಕ್ಕಾಗಿಯೇ ಬಾಹ್ಯಾಕಾಶದ ಷಟಲ್ ನೌಕೆಯಲ್ಲಿ ಐದು ಗಣಕಗಳನ್ನಿಟ್ಟು, ನಾಲ್ಕಕ್ಕೆ ಒಂದು ಬಗೆಯ ಆದೇಶಗಳನ್ನೂ ಐದನೆಯದಕ್ಕೆ ಬೇರೆಯವರೇ ಬೇರೆಯಾಗಿ ಬರೆದ ಆದೇಶಗಳನ್ನೂ ಕೊಟ್ಟಿದ್ದರು. ನಾಲ್ಕೂ ಒಂದೇ ತಪ್ಪನ್ನು ಒಮ್ಮತದಿಂದ ಮಾಡಿದರೆ ಐದನೆಯದು ಬೇರೆ ದಾರಿ ಹಿಡಿಯಲೆಂದು.

ಇನ್ನೊಂದು ಸಂಗತಿ. ಟ್ಯಾಂಡಮ್ ಸಂಸ್ಥೆಯ ಜಿಮ್ ಗ್ರೇ ೧೯೮೫ರಲ್ಲಿ, ಗಣಕಗಳು ಏಕೆ ನಿಲ್ಲುತ್ತವೆಂದು ವರದಿಗಳನ್ನು ಕೂಡಿಸಿ ನೋಡಿದನು. ಯಂತ್ರದ ಭಾಗಗಳ ದೋಷದಿಂದ ನಿಂತವು ನೂರಕ್ಕೆ ೧೮ ಮಾತ್ರ. ಆದೇಶಗಳ ದೋಷದಿಂದ ೨೫. ನಡೆಸುವ, ದುರಸ್ತಿ ಮಾಡುವ, ವ್ಯವಸ್ಥೆಗೊಳಿಸುವ ಮನುಷ್ಯರ ಕೈಯಿಂದ ೪೨. ಯಂತ್ರವು ತನ್ನ ತಪ್ಪನ್ನು ತಾಳಿಕೊಳ್ಳಲು ಕಲಿತ ಮೇಲೆ ಉಳಿದುದು ನಮ್ಮ ತಪ್ಪು. ಎರಡು ಸರ್ವರ್‌ಗಳಿದ್ದು ಗುಪ್ತಪದ ಒಬ್ಬನೇ ಗುಮಾಸ್ತನಿಗೆ ಗೊತ್ತಿದ್ದರೆ, ಆ ಸಂಸ್ಥೆಯು ಒಂಟಿ ಕಂಬದ ಮಂಟಪವೇ. ದಾಖಲೆಯ ಪ್ರತಿ ಇದೆಯೆಂದು ಹೇಳಿ ಒಮ್ಮೆಯೂ ಅದನ್ನು ತೆರೆದು ನೋಡದಿದ್ದರೆ ಪ್ರತಿ ಇದ್ದೂ ಇಲ್ಲದಂತೆ.

ಈ ದೃಷ್ಟಿಯಿಂದ ನೋಡಿದಾಗ ವಾನ್ ನ್ಯೂಮನ್‌ನ ಬಾಳಿನ ಕೊನೆಯ ಪಾಠವು ಆತನ ಸಂಸ್ಥೆಯಲ್ಲಿಯೇ ದೊರೆಯುತ್ತದೆ. ಪ್ರಿನ್ಸ್‌ಟನ್ನಿನಲ್ಲಿ ಗಣಕದ ಕಾರ್ಯವು ಆತನೊಬ್ಬನ ಪ್ರಭಾವದ ಮೇಲೆ ನಿಂತಿತ್ತು. ಆತನು ಹೋದ ಮೇಲೆ ಸಂಸ್ಥೆಯವರು ಆ ಕಾರ್ಯವನ್ನು ಕೈಬಿಟ್ಟರು. ೧೯೫೮ರಲ್ಲಿ ಯಂತ್ರವನ್ನು ಆರಿಸಿದರು. ಆದರೆ ಅದರ ವಿನ್ಯಾಸವನ್ನು ಆತನೂ ಆತನ ಸಂಗಡಿಗರೂ ಮುಚ್ಚಿಟ್ಟಿರಲಿಲ್ಲ. ೧೯೪೬ರಿಂದಲೇ ವರದಿಗಳನ್ನು ಬರೆದು ಕೇಳಿದವರಿಗೆಲ್ಲ ಹಂಚಿದ್ದರು. ಅದನ್ನು ನೋಡಿ ಲಾಸ್ ಅಲಮೋಸಿನಲ್ಲಿ, ಇಲಿನಾಯ್‌ನಲ್ಲಿ, ಬೇರೆಬೇರೆ ದೇಶಗಳಲ್ಲಿ ಅದರ ಸೋದರ ಯಂತ್ರಗಳು ಎದ್ದುವು. ನಮ್ಮ ಮುಂಬಯಿಯ ಟಾಟಾ ಮೂಲವಿಜ್ಞಾನ ಸಂಸ್ಥೆಯಲ್ಲಿ ೧೯೬೦ರಲ್ಲಿ ಕೆಲಸಕ್ಕೆ ನಿಂತ, ೧೯೬೨ರಲ್ಲಿ ನೆಹರೂ ಅವರಿಂದ ಟಿಫ್ರಾಕ್ ಎಂದು ಹೆಸರು ಪಡೆದ ಗಣಕವೂ ಆ ಮನೆತನಕ್ಕೇ ಸೇರಿದುದು. ಒಂದೆಡೆ ಇಟ್ಟುದು ನಿಂತಿತು. ಹಲವೆಡೆ ಹಂಚಿದುದು ಉಳಿಯಿತು.

ಇದು ಯಂತ್ರಕ್ಕೆ ಮಾತ್ರ ಹೇಳಿದ ನೀತಿಯೆಂದು ನಾನು ಭಾವಿಸುವುದಿಲ್ಲ. ತಾನು ಕಲಿತುದನ್ನು ಶಿಷ್ಯರಿಗೆ ಕಲಿಸಿದ ಗುರು, ತನ್ನ ಕೆಲಸವನ್ನು ಇನ್ನೊಬ್ಬನಿಗೆ ತೋರಿಸಿಕೊಟ್ಟ ಗುಮಾಸ್ತ, ತನ್ನ ಟಿಪ್ಪಣಿಯನ್ನು ಗೆಳೆಯನಿಗೆ ಕೊಟ್ಟ ವಿದ್ಯಾರ್ಥಿ, ಇವರೆಲ್ಲರೂ ತಮ್ಮ ಸಂಸ್ಥೆಗೆ ಎರಡನೆಯ ಕಂಬವನ್ನು ನಿಲ್ಲಿಸಿದವರೇ. ತಾನಿಲ್ಲದೆ ಏನೂ ನಡೆಯದೆಂಬುದು ಹೆಮ್ಮೆಯ ಮಾತಲ್ಲ, ಅದು ಆ ಸಂಸ್ಥೆಯ ದೌರ್ಬಲ್ಯದ ಗುರುತು. ನಾವೆಲ್ಲರೂ ಕೆಡುವ ಅಂಗಗಳೇ. ಅದನ್ನು ಒಪ್ಪಿಕೊಂಡು ಒಬ್ಬರಿಗೊಬ್ಬರು ಬದಲಿಯಾಗಿ ನಿಂತರೆ, ನಾವು ಹೋದ ಮೇಲೂ ನಮ್ಮ ಕಾರ್ಯ ನಿಲ್ಲದು.